ಕಿವಿ ಹೇಳುವ ಸಾಕ್ಷಿ

ದಾವಣಗೆರೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಕನ್ನಡ ತಮಿಳಿನಿಂದ ಹುಟ್ಟಿದ್ದೆಂದು ತಮಿಳು ನಟರೊಬ್ಬರು 2025ರಲ್ಲಿ ಆಡಿದ ಮಾತು ನಮ್ಮ ಬೆಳಗಿನ ವಾಯುವಿಹಾರದ ಬಳಗದಲ್ಲಿ ಇನ್ನೂ ಹೊಗೆಯಾಡುತ್ತಿದೆ. ಕನ್ನಡದ ತಾಯಿ ಸಂಸ್ಕೃತವೇ ಹೊರತು ತಮಿಳಲ್ಲ ಎಂಬುದು ನನ್ನ ವಾದ. ದ್ರಾವಿಡ ಭಾಷಾವರ್ಗ ಎಂಬುದು ನಮ್ಮನ್ನು ಒಡೆಯಲು ಬ್ರಿಟಿಷರು ಹೂಡಿದ ಆಟ. ಪತ್ರಿಕೆ ಇದನ್ನು ಖಚಿತವಾಗಿ ಬರೆಯಬೇಕು.”

ಮೇಷ್ಟ್ರೇ, ಮುತ್ತು ಪೋಣಿಸಿದಂಥ ಅಕ್ಷರದ ನಿಮ್ಮ ನಾಲ್ಕು ಪುಟಗಳನ್ನು ಎರಡು ಸಲ ಓದಿದೆ. ಕನ್ನಡದ ಮೇಲಿನ ನಿಮ್ಮ ಅಕ್ಕರೆಗೆ ಕೈ ಮುಗಿಯುತ್ತೇನೆ. ಆದರೆ ನೀವು ಕೇಳಿದ್ದನ್ನು ಬರೆಯಲಾರೆ.

ಸಂಸ್ಕೃತಕ್ಕೆ ಸಲ್ಲಬೇಕಾದ್ದು ಮೊದಲು ಸಲ್ಲಲಿ. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಸಂಸ್ಕೃತದ ಉದ್ದುದ್ದ ಸಮಾಸಗಳಿವೆ. ಈ ಸಾಲಿನ ‘ಶಾಸನ’, ‘ಸಮಾಸ’ ಎರಡೂ ಅಲ್ಲಿಂದ ಬಂದವೇ. ಹಾಗೆಂದು ಸಾಲ ಕೊಟ್ಟವರು ಹೆತ್ತವರಾಗುವುದಿಲ್ಲ. ನೀವು ವರ್ಷಗಟ್ಟಲೆ ಪಾಠ ಹೇಳಿದ ವೈಯಾಕರಣ ಕೇಶಿರಾಜ 13ನೆಯ ಶತಮಾನದಲ್ಲೇ ಸಂಸ್ಕೃತದಿಂದ ಬಂದ ತತ್ಸಮ, ತದ್ಭವಗಳನ್ನು ಬೇರೆಯಾಗಿಟ್ಟು ಅಚ್ಚಗನ್ನಡದ ದೇಶ್ಯವನ್ನು ಗುರುತಿಸಿದ. ಆಗ ಯಾವ ಬ್ರಿಟಿಷರಿದ್ದರು? ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ. ಕನ್ನಡದಲ್ಲಿ ಹೆಂಡತಿ ಬಂದಳು, ಅಷ್ಟೇ; ಅರ್ಥ ನೋಡಿ ಲಿಂಗ. ಬೇಕಾದ ಪದವನ್ನು ಯಾವ ಭಾಷೆಯಾದರೂ ಕಡ ತರುತ್ತದೆ. ವ್ಯಾಕರಣದ ಇಂಥ ಕಟ್ಟಡವನ್ನು ಹಾಗೆ ಹೊತ್ತು ತರುವುದು ಸುಲಭವಲ್ಲ.

ಇನ್ನು ತಮಿಳು. ಆ ವಾದಕ್ಕೆ ಉತ್ತರ ನಿಮ್ಮ ಕಿವಿಯಲ್ಲೇ ಇದೆ, ಅಕ್ಷರಶಃ. ನಮ್ಮ ಕಿವಿ ತಮಿಳಿನಲ್ಲಿ ‘ಸೆವಿ’, ತೆಲುಗಿನಲ್ಲಿ ‘ಚೆವಿ’, ತುಳುವಿನಲ್ಲಿ ‘ಕೆಬಿ’. ನಮ್ಮ ಕೇರಿ ತಮಿಳಿನಲ್ಲಿ ‘ಸೇರಿ’. ಕೆಂದಾವರೆಯ ‘ಕೆಂ’ ಅಲ್ಲಿ ‘ಸೆಂ’. ಇ, ಎ ಸ್ವರಗಳ ಮುಂದೆ ಕಕಾರವು ಚಕಾರವೋ ಸಕಾರವೋ ಆಗುವುದು ಲೋಕದ ಎಷ್ಟೋ ಭಾಷೆಗಳಲ್ಲಿ ನಡೆದಿದೆ. ಹಿಂದಕ್ಕೆ ಹೋಗುವುದು ಬಹಳ ಅಪರೂಪ. ಅಂದರೆ ಇಲ್ಲಿ ಹಳೆಯ ರೂಪ ಉಳಿಸಿಕೊಂಡದ್ದು ಕನ್ನಡ. ಮೊಮ್ಮಗಳಲ್ಲಿ ಇರುವ ಅಜ್ಜಿಯ ಮೂಗುತಿ ತಾಯಿಯ ಬಳಿ ಇಲ್ಲವೆಂದರೆ ಆ ತಾಯಿತನವನ್ನು ಸ್ವಲ್ಪ ವಿಚಾರಿಸಬೇಡವೇ? ಹಾಗೆಂದು ಮೀಸೆ ತಿರುವಬೇಡಿ. ಪಂಪ ಬರೆದ ‘ಪಾಲ್’, ‘ಪುಲಿ’ಗಳನ್ನು ನಾವು ಹಾಲು, ಹುಲಿ ಮಾಡಿಕೊಂಡೆವು, ತಮಿಳರು ಪಕಾರವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಸಂಗಮ ಸಾಹಿತ್ಯ ನಮ್ಮ ಹಲ್ಮಿಡಿಗಿಂತ ಹಳೆಯದು, ಅದೂ ನಿಜ. ಬರಹ ಮೊದಲು ಸಿಕ್ಕಿದ್ದರಿಂದ ಅಕ್ಕ ಅಮ್ಮನಾಗುವುದಿಲ್ಲ. ಇವರೆಲ್ಲರ ತಾಯಿ ಯಾವ ಶಾಸನದಲ್ಲೂ ಹೆಸರು ಬರೆಸದೆ ಹೋದವಳು. ಅವಳನ್ನು ಮೂಲದ್ರಾವಿಡ ಎನ್ನುತ್ತಾರೆ.

ಬ್ರಿಟಿಷರ ಆಟ ಎಂದಿರಿ. ಪಾದ್ರಿ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆಯುವುದಕ್ಕೆ 40 ವರ್ಷ ಮೊದಲು, 1816ರಲ್ಲಿ, ಮದ್ರಾಸಿನ ಕಲೆಕ್ಟರ್ ಎಲ್ಲಿಸ್ ಈ ಭಾಷೆಗಳ ಧಾತುಗಳನ್ನು ಎದುರುಬದುರು ಇಟ್ಟು, ಇವು ಸಂಸ್ಕೃತದಿಂದ ಹುಟ್ಟಿದವಲ್ಲ ಎಂದು ತೋರಿಸಿದರು. ಅವರ ಮುಂದಿದ್ದ ತೆಲುಗು ಧಾತುಮಾಲೆ ಪಟ್ಟಾಭಿರಾಮ ಶಾಸ್ತ್ರಿಗಳದು. ನಮ್ಮ ಪಂಡಿತರ ಪಾಲನ್ನು ಮರೆತು ಎಲ್ಲವನ್ನೂ ದೊರೆಗಳ ಕುತಂತ್ರವೆಂದರೆ ಅನ್ಯಾಯವಾಗುವುದು ಆ ಪಂಡಿತರಿಗೆ.

ನಾನು ಈ ಪತ್ರವನ್ನು ಆರಿಸಿಕೊಂಡ ಕಾರಣ ಬೇರೆಯೇ ಇದೆ. ನಮ್ಮ ಮುದ್ರಣಾಲಯದ ರಾತ್ರಿ ಕಾವಲಿಗೆ ಜಾರ್ಖಂಡಿನ ಗುಮ್ಲಾದ ಕಡೆಯ ಯುವಕರೊಬ್ಬರಿದ್ದಾರೆ. ಒಂದು ರಾತ್ರಿ ಕೊನೆಯ ಪುಟ ಅಚ್ಚಿಗೆ ಹೋಗುವುದು ತಡವಾಯಿತು. ಗೇಟಿನ ಬಳಿ ಚಹಾ ಕುಡಿಯುತ್ತ ಮನೆಮಾತು ಯಾವುದೆಂದು ಕೇಳಿದೆ. ಕುಡುಖ್ ಎಂದರು, ಕೇಳಿದವನು ನಗುತ್ತಾನೇನೋ ಎಂಬ ಅಳುಕಿನಿಂದ. ನನ್ನ ಕಣ್ಣು ಮುಟ್ಟಿ ತೋರಿಸಿದೆ. ‘ಖನ್ನ್’ ಎಂದರು. ಕಿವಿ ಮುಟ್ಟಿದೆ. ‘ಖೆಬ್ದಾ’. ನೀನು ಎನ್ನುವುದಕ್ಕೆ? ‘ನೀನ್’. ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಹಿಂದಿಯವನೆಂದು ನಾವೆಲ್ಲ ಕರೆಯುತ್ತಿದ್ದ ಆ ಮನುಷ್ಯ ನಮ್ಮದೇ ಮನೆತನದ ದೂರದ ದಾಯಾದಿ. ಬಲೂಚಿಸ್ತಾನದಲ್ಲಿ ಬ್ರಾಹುಯಿ ಆಡುವವರಿದ್ದಾರೆ. ಅವರಿಗೂ ಕಣ್ಣು ‘ಖನ್’, ಕಿವಿ ‘ಖಫ್’. ಎರಡಕ್ಕೆ ‘ಇರಟ್’, ಮೂರಕ್ಕೆ ‘ಮುಸಿಟ್’. ನಾಲ್ಕರಿಂದ ಮುಂದೆ ಎಣಿಕೆ ಬೇರೆ ಭಾಷೆಯಿಂದ ಸಾಲ ತಂದದ್ದು. ಸುತ್ತಲಿನ ದೊಡ್ಡ ಭಾಷೆಗಳು ಎಲ್ಲವನ್ನೂ ನುಂಗಿದರೂ ಒಂದು, ಎರಡು, ಮೂರು ಮಾತ್ರ ಬಾಯಿ ಬಿಟ್ಟು ಹೋಗಲಿಲ್ಲ. ಭಾಷಾವರ್ಗ ಎಂದರೆ ನನಗೆ ಇದು. ತಾಯ್ತನದ ಜಗಳದಲ್ಲಿ ನಾವು ಈ ಬಳಗವನ್ನೇ ಮರೆತು ಕುಳಿತಿದ್ದೇವಲ್ಲ, ಅದು ನನ್ನ ಸಂಕಟ.

ಮರೆಯುವುದಕ್ಕೆ ಸರ್ಕಾರದ ನೆರವೂ ಇದೆ. 2011ರ ಜನಗಣತಿಯಲ್ಲಿ ಹಿಂದಿಯ ಲೆಕ್ಕ 52 ಕೋಟಿ ದಾಟಿದೆ. ಅದರೊಳಗೆ 5 ಕೋಟಿ ಜನ ಭೋಜಪುರಿಯವರು, ಕನ್ನಡಿಗರ 4.37 ಕೋಟಿಗಿಂತಲೂ ಹೆಚ್ಚು! ಬ್ರಿಟಿಷರ ಕಾಲದ ಭಾಷಾವಿದ್ವಾಂಸ ಗ್ರಿಯರ್ಸನ್ ತಮ್ಮ ಭಾಷಾ ಸಮೀಕ್ಷೆಯಲ್ಲಿ ಭೋಜಪುರಿ, ಮೈಥಿಲಿ, ಮಗಹಿಗಳನ್ನು ಬಂಗಾಳಿ, ಒಡಿಯಾಗಳ ಜೊತೆ ಪೂರ್ವದ ಕವಲಿನಲ್ಲಿ ಇಟ್ಟಿದ್ದರು. ಮೈಥಿಲಿ ಹೋರಾಡಿ 2003ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದ ಸೇರಿತು. ಭೋಜಪುರಿ ಇನ್ನೂ ಹಿಂದಿಯ ಗೋಣಿಚೀಲದಲ್ಲೇ ಇದೆ. ಕವಲು ಗುರುತಿಸುವುದು ವ್ಯಾಕರಣದ ಕೆಲಸವಾಗಿತ್ತು. ಈಗ ತಲೆ ಎಣಿಸುವವರ ಕೆಲಸವಾಗಿದೆ.

ದೂರು ಹೇಳುವ ನಾವೂ ಸಾಚಾ ಅಲ್ಲ. ಅದೇ ಗಣತಿಯಲ್ಲಿ ನೀಲಗಿರಿಯ ಬಡಗರು 1.3 ಲಕ್ಷ ಜನ ಕನ್ನಡದ ಲೆಕ್ಕದೊಳಗಿದ್ದಾರೆ. ಅವರನ್ನು ಕೇಳಿದವರು ಯಾರು? ಅದೇ ಬೆಟ್ಟದ ಕೋತರು ಕಿವಿಗೆ ‘ಕೆವ್’ ಎನ್ನುತ್ತಾರೆ. ಹತ್ತು ಸಾವಿರ ಮಂದಿ ಇಲ್ಲದ ಕಾರಣ ಅವರ ಭಾಷೆಗೆ ಪಟ್ಟಿಯಲ್ಲಿ ಹೆಸರೇ ಇಲ್ಲ. ತುಳು ನಮ್ಮ ಲಿಪಿಯಲ್ಲಿ ಬರುತ್ತದೆಂದು ಅದನ್ನು ಕನ್ನಡದ ಉಪಭಾಷೆ ಎಂದುಬಿಡುವ ವಿದ್ಯಾವಂತರನ್ನು ನಾನು ವೇದಿಕೆಗಳಲ್ಲೇ ಕೇಳಿದ್ದೇನೆ. ಕೊಂಕಣಿಯೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರುತ್ತದೆ, ಅದರ ಬಳಗ ಮರಾಠಿಯದು. ತಮಿಳಿನ ಮಗಳು ಎಂದಾಗ ನಮಗಾದ ನೋವು, ಮಂಗಳೂರಿನವರಿಗೆ ನಾವು ಅದೇ ಮಾತು ಹೇಳುವಾಗ ನೆನಪಾಗುವುದಿಲ್ಲ.

ನಾಳೆ ವಾಯುವಿಹಾರದಲ್ಲಿ ವಾದ ಎದ್ದರೆ ದಯವಿಟ್ಟು ತಾಯಿಯನ್ನು ಬಿಟ್ಟು ಕಿವಿಯಿಂದ ಶುರು ಮಾಡಿ. ದಾವಣಗೆರೆಯಲ್ಲೂ ಕಟ್ಟಡ ಕೆಲಸಕ್ಕೆ ಬಂದ, ಕುಡುಖ್ ಆಡುವ ಉರಾಂವ್ ಜನ ಸಿಕ್ಕಾರು. ನಿಲ್ಲಿಸಿ ಎರಡು ಪದ ಕೇಳಿ. ನಮ್ಮ ಕಾವಲಿನವರು ಸುಗ್ಗಿಗೆ ಊರಿಗೆ ಹೋಗಿದ್ದಾರೆ. ಒಂದು ನೋಟ್‌ಬುಕ್ ಕೊಟ್ಟು ಕಳಿಸಿದ್ದೇನೆ. ಅವರ ತಾಯಿಯ ಬಾಯಿಂದ ಕೇಳಿ ಬರೆದು ತಂದ ಪದಗಳನ್ನು, ಪಕ್ಕದಲ್ಲಿ ಕನ್ನಡದ ಪದ ಇಟ್ಟು, ಅವರು ಮರಳಿದ ತಿಂಗಳೇ ಅಚ್ಚು ಹಾಕುತ್ತೇವೆ. ಹಳಗನ್ನಡದ ರೂಪಗಳನ್ನು ತಿದ್ದಿಕೊಡಲು ಆ ಕರಡನ್ನು ಮೊದಲು ನಿಮಗೇ ಕಳಿಸುತ್ತೇನೆ, ಮೇಷ್ಟ್ರೇ.

– ಸಂಪಾದಕ