ವಾಲ್ವ್ ಸ್ಪ್ರಿಂಗ್ ಗಟ್ಟಿ ಇದ್ದಷ್ಟೂ ಒಳ್ಳೇದಾ?

ಜಾಸ್ತಿ ಆರ್‌ಪಿಎಂಗೆ ಎಂಜಿನ್ ವಾಲ್ವನ್ನು ವಾಪಸ್ ಮುಚ್ಚುವ ಈ ಸ್ಪ್ರಿಂಗ್ ಗಟ್ಟಿಯದು ಹಾಕಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು. 6000 ಆರ್‌ಪಿಎಂನಲ್ಲಿ ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತೆ, ಅದೂ ಬಿಸಿ ಆಯಿಲ್ ನಡುವೆ. ಸ್ಪ್ರಿಂಗಿನ ತಂತಿಗೆ ಬೇಕಾದ್ದು ಬರೀ ಬಲ ಅಲ್ಲ, ಕೋಟಿಗಟ್ಟಲೆ ಸಲ ಒತ್ತಿದರೂ ಸೋಲದ ಗುಣ. ಅದಕ್ಕೇ ಹೆಚ್ಚಾಗಿ ಕ್ರೋಮ್ ಸಿಲಿಕಾನ್ ಉಕ್ಕು ಬಳಸುತ್ತಾರೆ, ಕ್ರೋಮ್ ವನೇಡಿಯಂಗಿಂತ ಇದು ಬಿಸಿಯಲ್ಲಿ ಬಿಗಿ ಕಳೆದುಕೊಳ್ಳೋದು ಕಡಿಮೆ. ಬಿರುಕು ಸಾಮಾನ್ಯವಾಗಿ ಮೇಲ್ಮೈಯಿಂದಲೇ ಶುರುವಾಗೋದರಿಂದ ಸಣ್ಣ ಉಕ್ಕಿನ ಗುಂಡುಗಳನ್ನು ರಭಸವಾಗಿ ಹೊಡೆದು ತಂತಿಯ ಹೊರಪದರವನ್ನು ಬಿಗಿ ಮಾಡುತ್ತಾರೆ, ಇದೇ ಶಾಟ್ ಪೀನಿಂಗ್. ಹಾಗಾಗಿ ಸ್ಪ್ರಿಂಗ್ ಕೂರಿಸುವಾಗ ಸ್ಕ್ರೂಡ್ರೈವರಿನಿಂದ ಮೀಟಲೇಬೇಡಿ. ಉಗುರಿಗೆ ಸಿಗದಷ್ಟು ಸಣ್ಣ ಗೀರು ಬಿದ್ದರೂ ಮುಂದೆ ಅಲ್ಲೇ ಮುರಿಯಬಹುದು.

ಇನ್ನು ಆಕಾರ. ವಾಲ್ವನ್ನು ಒತ್ತಿ ತೆರೆಯುವ ಕ್ಯಾಮಿನ ಹೊಡೆತ ಸ್ಪ್ರಿಂಗಿನ ಸ್ವಂತ ಕಂಪನಕ್ಕೆ ತಾಳೆಯಾದರೆ ಸುರುಳಿಗಳಲ್ಲಿ ಅಲೆ ಎದ್ದು ವಾಲ್ವ್ ಹಿಡಿತ ತಪ್ಪುತ್ತೆ. ಜೇನುಗೂಡಿನ ಹಾಗೆ ಮೇಲೆ ಕಿರಿದಾಗುವ ಬೀಹೈವ್ ಸ್ಪ್ರಿಂಗಿನಲ್ಲಿ ಈ ಅಲೆ ಕಡಿಮೆ, ಸ್ಪ್ರಿಂಗಿನ ತುದಿಯನ್ನು ವಾಲ್ವಿಗೆ ಹಿಡಿದಿಡುವ ರಿಟೇನರ್ ಕೂಡ ಚಿಕ್ಕದು, ಹಗುರ. ರಸ್ತೆ ಗಾಡಿಗೆ ನಾನು ಇದನ್ನೇ ಹೇಳೋದು. ಸುಮ್ನೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕ್ಯಾಮ್ ಸವೆಯುತ್ತೆ ಅಷ್ಟೇ. ಯಾವುದೇ ಹಾಕಿ, ವಾಲ್ವ್ ಪೂರ್ತಿ ತೆರೆದಾಗ, ಅಂದರೆ ಪೂರ್ತಿ ಲಿಫ್ಟ್‌ನಲ್ಲೂ ಸುರುಳಿಗಳ ಮಧ್ಯೆ ಜಾಗ ಉಳಿದಿದೆಯಾ ಅಂತ ಅಳೆದೇ ಮುಚ್ಚಿ.