ಪಾಕ ಪ್ರಶ್ನೋತ್ತರ: ರಾತ್ರಿಯೂಟಕ್ಕೆ ಲೆಟ್ಯೂಸ್ ಎಲೆಯ ರ‍್ಯಾಪ್

ಹಗುರವಾದ ರಾತ್ರಿಯೂಟದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಬಾರಿ ಲೆಟ್ಯೂಸ್ ಎಲೆಯಲ್ಲಿ ಬಿಸಿ ಪಲ್ಯವನ್ನು ಸುತ್ತಿ ತಿನ್ನುವ, ಚೀನಾ, ಕೊರಿಯಾ, ಥಾಯ್ಲೆಂಡ್ ಕಡೆಯ ರುಚಿಯ ತಿನಿಸನ್ನು ಕುರಿತವು. ಕಾಸರಗೋಡಿನಿಂದಲೂ ಇತರ ಗಡಿನಾಡುಗಳ ಕನ್ನಡ ಮನೆಗಳಿಂದಲೂ ಬಂದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಕೆಲಸ ಮುಗಿಸಿ ಮನೆ ಸೇರುವಾಗ ಗಂಟೆ ಏಳಾಗುತ್ತದೆ. ರಾತ್ರಿ ಮತ್ತೆ ಅನ್ನ, ಸಾರು ಬೇಡವೆಂದು ಮಕ್ಕಳು ಹೇಳುವುದರಿಂದ ಲೆಟ್ಯೂಸ್ ರ‍್ಯಾಪ್ ಮಾಡಿದೆ. ಎಲೆ ಹರಿದು, ಒಳಗಿನ ರಸವೆಲ್ಲ ಮೊಣಕೈವರೆಗೆ ಸೋರಿತು. ಅರ್ಧ ಗಂಟೆಯಲ್ಲಿ ಸರಿಯಾಗಿ ಮಾಡುವ ಕ್ರಮ ಯಾವುದು? (ಓದುಗರೊಬ್ಬರು, ಬದಿಯಡ್ಕ)

ಉತ್ತರ: ನಿಮ್ಮ ತೊಂದರೆಗೆ ಮೂಲ ಕಾರಣ ನೀರು. ಲೆಟ್ಯೂಸ್ ಎಲೆಯ ತೂಕದಲ್ಲಿ ಸುಮಾರು ಶೇಕಡಾ 95 ಭಾಗ ನೀರೇ ಇರುತ್ತದೆ; ಉಪ್ಪಿರುವ ಬಿಸಿ ಪಲ್ಯ ಅದರ ಮೇಲೆ ಕುಳಿತ ಕೂಡಲೇ ಆ ನೀರು ಹೊರಗೆ ಬರತೊಡಗಿ, ಎಲೆ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ತೊಳೆದ ಎಲೆಯ ಮೇಲೆ ಉಳಿದ ಹನಿಗಳೂ ಪಲ್ಯದ ಸಡಿಲ ರಸವೂ ಇದಕ್ಕೆ ಸೇರಿದರೆ ಸೋರದೆ ಇರಲು ಸಾಧ್ಯವೇ ಇಲ್ಲ. ಆದುದರಿಂದ ಎಲೆ ತಣ್ಣಗೆ, ಒಣಗಿದಂತೆ ಇರಬೇಕು. ಪಲ್ಯದ ರಸ ತುಣುಕುಗಳಿಗೆ ಅಂಟಿಕೊಂಡಿರಬೇಕು. ಸುತ್ತುವ ಕೆಲಸವನ್ನು ಅಡುಗೆಮನೆಯಲ್ಲಿ ಮುಗಿಸದೆ ಊಟಕ್ಕೆ ಕುಳಿತವರೇ ತುತ್ತು ತುತ್ತಿಗೆ ಮಾಡಿಕೊಳ್ಳಬೇಕು.

ಮನೆಗೆ ಬಂದೊಡನೆ ಮೊದಲು ಎಲೆಯ ಕೆಲಸ ಮಾಡಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ, ಎಲೆಕೋಸಿನ ಆಕಾರದ ಐಸ್‌ಬರ್ಗ್ ಜಾತಿಯನ್ನು ಹೊರಗಿನಿಂದ ಕಿತ್ತರೆ ಎಲೆ ಹರಿಯುತ್ತದೆ. ಅದರ ಬುಡದ ಗಟ್ಟಿ ದಂಟನ್ನು ಚೂರಿಯ ತುದಿಯಿಂದ ಸುತ್ತಲೂ ಕೊರೆದು ತೆಗೆದು, ಆ ಕುಳಿಯನ್ನು ನಲ್ಲಿಗೆ ನೇರವಾಗಿ ಹಿಡಿದರೆ ನೀರು ಎಲೆಗಳ ನಡುವೆ ನುಗ್ಗಿ ಅವುಗಳನ್ನು ಒಂದೊಂದಾಗಿ ಬಿಡಿಸಿಕೊಡುತ್ತದೆ. ಬಟ್ಟಲಿನಂತಹ ಇಡೀ ಎಲೆಗಳು ಹೀಗೆ ಸುಲಭವಾಗಿ ಕೈಗೆ ಬರುತ್ತವೆ. ಬಾಡಿದ ಎಲೆಗಳನ್ನು ಹತ್ತು ನಿಮಿಷ ತಣ್ಣೀರಿನಲ್ಲಿ ಮುಳುಗಿಸಿಟ್ಟರೆ ಜೀವಕೋಶಗಳು ನೀರು ಹೀರಿ ಮತ್ತೆ ಸೆಟೆದುಕೊಳ್ಳುತ್ತವೆ. ಬಳಿಕ ನೀರು ಬಸಿದು, ಹಳೆಯ ಹತ್ತಿ ಪಂಚೆಯ ತುಂಡಿನ ಮೇಲೆ ಮಗುಚಿ ಹರಡಿ, ಇನ್ನೊಂದು ತುಂಡಿನಿಂದ ಮೆಲ್ಲಗೆ ಒತ್ತಿ ಒರೆಸಿ, ಬಟ್ಟೆಯ ಸಮೇತ ಫ್ರಿಜ್‌ನಲ್ಲಿಡಿ. ನಾಲ್ವರಿಗೆ ಹನ್ನೆರಡರಿಂದ ಹದಿನೈದು ಎಲೆ ಸಾಕು.

ಈ ತಿನಿಸಿನ ಹೋಟೆಲ್ ರೂಪ ಚೀನಾದ ಕ್ಯಾಂಟನ್ ಸೀಮೆಯ ಅಡುಗೆಯಿಂದ ಬಂದುದು. ಅಲ್ಲಿ ಪಾರಿವಾಳ ಅಥವಾ ಹಂದಿಯ ಮಾಂಸವನ್ನು ಸಣ್ಣಗೆ ಕೊಚ್ಚಿ, ಕರುಕುರು ಎನ್ನುವ ನೀರುಗಡ್ಡೆಯ (ವಾಟರ್ ಚೆಸ್ಟ್‌ನಟ್) ಚೂರುಗಳೊಂದಿಗೆ ದೊಡ್ಡ ಉರಿಯಲ್ಲಿ ಬಾಡಿಸುತ್ತಾರೆ. ನಮ್ಮ ಮನೆಗಳಿಗೆ 400 ಗ್ರಾಂ ಕೋಳಿಯ ಖೀಮಾ ಅನುಕೂಲ. ನೀರುಗಡ್ಡೆಯ ಬದಲು ನವಿಲುಕೋಸನ್ನು ಸಣ್ಣ ಚೌಕಗಳಾಗಿ ಹೆಚ್ಚಿ ಕೊನೆಗೆ ಸೇರಿಸಿದರೆ ಅದೇ ಕರುಕುರು ಸಿಗುತ್ತದೆ. ಪಲ್ಯಕ್ಕೆ ಬೇಕಾದ ರಸವನ್ನು ಒಲೆ ಹೊತ್ತಿಸುವ ಮೊದಲೇ ಒಂದು ಬಟ್ಟಲಿನಲ್ಲಿ ಕಲಸಿಡಬೇಕು: ಸೋಯಾ ಸಾಸ್ ಒಂದೂವರೆ ದೊಡ್ಡ ಚಮಚ, ವಿನೆಗರ್ ಒಂದು ದೊಡ್ಡ ಚಮಚ, ಬೆಲ್ಲದ ಪುಡಿ ಒಂದು ಸಣ್ಣ ಚಮಚ, ಕಾಳುಮೆಣಸಿನ ಪುಡಿ ಅರ್ಧ ಸಣ್ಣ ಚಮಚ, ಕಾರ್ನ್‌ಫ್ಲೋರ್ ಒಂದು ಸಣ್ಣ ಚಮಚ, ನೀರು ಎರಡು ದೊಡ್ಡ ಚಮಚ. ರಸವನ್ನು ತುಣುಕುಗಳಿಗೆ ಅಂಟಿಸುವುದು ಕಾರ್ನ್‌ಫ್ಲೋರ್, ಅದನ್ನು ಬಿಡಬೇಡಿ.

ಅಗಲವಾದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎರಡು ಸಣ್ಣ ಚಮಚ ಎಣ್ಣೆಯಲ್ಲಿ ಶುಂಠಿ, ಬೆಳ್ಳುಳ್ಳಿ, ನೀರುಳ್ಳಿಯನ್ನು ಬಾಡಿಸಿ ಖೀಮಾ ಹಾಕಿ. ಕೂಡಲೇ ಕೈಯಾಡಿಸುತ್ತ ಹೋದರೆ ಮಾಂಸ ನೀರು ಬಿಟ್ಟು ಆ ನೀರಿನಲ್ಲೇ ಬೇಯುತ್ತದೆ. ಹರಡಿ, ಒಂದೆರಡು ನಿಮಿಷ ಹಾಗೆಯೇ ಬಿಡಿ. ಮೊದಲು ಕೊತಕೊತ ಎನ್ನುವ ಸದ್ದು ಕೇಳುತ್ತದೆ. ನೀರು ಆರಿದ ಮೇಲೆ ಅದು ಚುರುಚುರು ಎಂಬ ಒಣ ಸದ್ದಾಗಿ ಬದಲಾಗುತ್ತದೆ, ತಳದ ತುಣುಕುಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಆಗ ಉಂಡೆಗಳನ್ನು ಒಡೆದು ಮಗುಚಿ, ಗುಲಾಬಿ ಬಣ್ಣ ಎಲ್ಲಿಯೂ ಉಳಿಯದಂತೆ ಬೇಯಿಸಿ, ನವಿಲುಕೋಸು, ತುರಿದ ಕ್ಯಾರೆಟ್ ಸೇರಿಸಿ, ರಸವನ್ನು ಒಮ್ಮೆ ಕದಡಿ ಸುರಿಯಿರಿ. ಅರ್ಧ ನಿಮಿಷದಲ್ಲಿ ಅದು ಹೊಳಪಾಗಿ ಅಂಟಿಕೊಳ್ಳುತ್ತದೆ. ಒಲೆ ಆರಿಸಿ, ಹುರಿದು ಜಜ್ಜಿದ ನೆಲಗಡಲೆ, ಕೊತ್ತಂಬರಿ ಸೊಪ್ಪು ಉದುರಿಸಿ. ಬೌಲ್ ಮಧ್ಯದಲ್ಲಿ, ಎಲೆಗಳು ಪಕ್ಕದಲ್ಲಿ. ಒಂದು ಎಲೆಗೆ ಎರಡು ಚಮಚಕ್ಕಿಂತ ಹೆಚ್ಚು ಪಲ್ಯ ಬೇಡ.

ಎಲೆಯಿಂದ ಮಕ್ಕಳ ಹೊಟ್ಟೆ ತುಂಬುವುದಿಲ್ಲವೆಂಬ ಚಿಂತೆ ನ್ಯಾಯವಾದುದೇ, ಏಕೆಂದರೆ 100 ಗ್ರಾಂ ಲೆಟ್ಯೂಸ್‌ನಲ್ಲಿ ಸುಮಾರು 15 ಕ್ಯಾಲೊರಿ ಮಾತ್ರ ಇರುತ್ತದೆ. ಕೊರಿಯಾದ ಮನೆಗಳಲ್ಲಿ ಎಲೆಯ ಮೇಲೆ ಮಾಂಸದ ಜೊತೆಗೆ ಒಂದಿಷ್ಟು ಅನ್ನವನ್ನೂ ಹುದುಗಿಸಿದ ಸೋಯಾ ಕಾಳಿನ ಖಾರದ ಗೊಜ್ಜನ್ನೂ ಇಟ್ಟು, ಮಡಚಿ ಇಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಾರೆ. ವಿಯೆಟ್ನಾಂನವರು ಅಕ್ಕಿಯ ಶಾವಿಗೆ ಇಡುತ್ತಾರೆ. ನಮ್ಮ ಒತ್ತು ಶಾವಿಗೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಉದುರಾದ ಕುಚ್ಚಲಕ್ಕಿ ಅನ್ನ ಎಲೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ನಾನು ಅದನ್ನು ಸೂಚಿಸುವುದಿಲ್ಲ.

ಪ್ರಶ್ನೆ: ನಮ್ಮದು ನೀರುಳ್ಳಿ, ಬೆಳ್ಳುಳ್ಳಿ ಬಳಸದ ಸಸ್ಯಾಹಾರಿ ಮನೆ. ಇಂತಹ ಅಡುಗೆ ನಮಗೆ ಒಗ್ಗುವುದೇ? (ಓದುಗರೊಬ್ಬರು, ಮಂಜೇಶ್ವರ)

ಉತ್ತರ: ಧಾರಾಳವಾಗಿ ಒಗ್ಗುತ್ತದೆ. ಚೀನಾ, ಕೊರಿಯಾದ ಬೌದ್ಧ ವಿಹಾರಗಳ ಅಡುಗೆಯೂ ಮಾಂಸ, ನೀರುಳ್ಳಿ, ಬೆಳ್ಳುಳ್ಳಿಗಳನ್ನು ದೂರವಿಟ್ಟೇ ಬೆಳೆದು ಬಂದಿದೆ. ಅಲ್ಲಿ ರುಚಿಯ ಭಾರವನ್ನು ಅಣಬೆ, ಸೋಯಾ, ಶುಂಠಿ, ಹುರಿದ ಎಳ್ಳು ಹೊರುತ್ತವೆ. ನೀವು ಶುಂಠಿಯನ್ನು ಎರಡು ಪಾಲು ಮಾಡಿ, ಎರಡು ಗಾಂಧಾರಿ ಮೆಣಸನ್ನು ಜಜ್ಜಿ ಹಾಕಿದರೆ ಸಪ್ಪೆಯೆನಿಸುವುದಿಲ್ಲ.

ಒಳಗಿನ ಪಲ್ಯಕ್ಕೆ ಗುಜ್ಜೆಯಷ್ಟು ಒಳ್ಳೆಯ ವಸ್ತು ಮತ್ತೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಲಸು ಬಿಡುವ ತಿಂಗಳುಗಳಲ್ಲಿ ನಮ್ಮ ಹಿತ್ತಿಲಲ್ಲೇ ಸಿಗುವ ಎಳೆಯ ಗುಜ್ಜೆಯ ಹೋಳುಗಳನ್ನು ಚಿಟಿಕೆ ಅರಿಶಿನ, ಉಪ್ಪು ಹಾಕಿ ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿ, ಬಸಿದು, ಆರಿದ ಮೇಲೆ ಅಂಗೈಯಲ್ಲಿ ಹಿಡಿದು ಹಿಂಡಿ, ಒರಳಿನಲ್ಲಿ ನಾಲ್ಕೇ ಪೆಟ್ಟು ಕುಟ್ಟಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಹಿಂಡದೆ ಹಾಕಿದರೆ ಅದರ ನೀರು ಎಲೆಯನ್ನು ಕೆಡಿಸುತ್ತದೆ. ಈ ಬೇಯಿಸುವ, ಕುಟ್ಟುವ ಕೆಲಸ ಬೆಳಗ್ಗೆಯೇ ಮುಗಿದು ಫ್ರಿಜ್‌ನಲ್ಲಿದ್ದರೆ ರಾತ್ರಿ ಹತ್ತು ನಿಮಿಷದ ಅಡುಗೆ ಉಳಿಯುತ್ತದೆ. ಗುಜ್ಜೆಯಲ್ಲಿ ಪ್ರೋಟೀನ್ ಕಡಿಮೆ. ಆ ಕೊರತೆಗೆ ನೆಲಗಡಲೆಯನ್ನು ಕೈ ಬಿಚ್ಚಿ ಹಾಕಿ, ಇಲ್ಲವೇ 100 ಗ್ರಾಂ ಪನೀರ್ ಪುಡಿ ಮಾಡಿ ಬೆರೆಸಿ.

ಚೀನಾ, ಕೊರಿಯಾದ ಅಡುಗೆಯ ಎಳ್ಳೆಣ್ಣೆ ಹುರಿದ ಎಳ್ಳಿನಿಂದ ತೆಗೆದದ್ದು, ಕಡುಬಣ್ಣದ್ದು. ನಮ್ಮ ಗಾಣದ ಎಳ್ಳೆಣ್ಣೆಗೆ ಆ ಪರಿಮಳವಿಲ್ಲದ ಕಾರಣ, ಒಂದು ಚಮಚ ಎಳ್ಳನ್ನು ಹೊಂಬಣ್ಣಕ್ಕೆ ಹುರಿದು ಒರಟಾಗಿ ಪುಡಿಮಾಡಿ ಕೊನೆಗೆ ಸೇರಿಸುವುದು ಮೇಲು. ಬೆಲ್ಲದ ಬದಲಿಗೆ ತೆಂಗಿನ ಸಕ್ಕರೆ ಸಿಕ್ಕಿದರೆ ಅದನ್ನೇ ಬಳಸಿ. ಆಗ್ನೇಯ ಏಷ್ಯಾದ ಅಡುಗೆಗಳಲ್ಲಿ ತಾಳೆ ಮತ್ತು ತೆಂಗಿನ ಸಕ್ಕರೆಗಳೇ ಮುಖ್ಯ ಸಿಹಿ. ತೆಂಗಿನ ಹೊಂಬಾಳೆಯಿಂದ ಹುಳಿಯದ ರಸವನ್ನು ಇಳಿಸಿ ಸಕ್ಕರೆ ಮಾಡುವ ಕ್ರಮವನ್ನು ನಮ್ಮ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ (ಸಿಪಿಸಿಆರ್‌ಐ) ರೂಪಿಸಿಕೊಟ್ಟಿದೆ.

ಪ್ರಶ್ನೆ: ನಮ್ಮ ಪೇಟೆಗೆ ಲೆಟ್ಯೂಸ್ ಬರುವುದೇ ಅಪರೂಪ. ತೋಟದಲ್ಲಿ ಬೇಕಾದಷ್ಟಿರುವ ಕೆಸುವಿನ ಎಲೆ, ಬಸಳೆ, ವೀಳ್ಯದೆಲೆಗಳಲ್ಲಿ ಯಾವುದಾದರೂ ಆಗಬಹುದೇ? (ಓದುಗರೊಬ್ಬರು, ಪೆರ್ಲ)

ಉತ್ತರ: ಕೆಸುವಿನ ಎಲೆಯನ್ನು ಹಸಿಯಾಗಿ ಖಂಡಿತ ಬಳಸಬಾರದು. ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳು ಬಾಯಿ, ಗಂಟಲನ್ನು ತುರಿಸಿ ಊದಿಸುತ್ತವೆ. ಪತ್ರೊಡೆಗೆ ಹುಣಸೆಹುಳಿ ಸೇರಿಸಿ ತುಂಬ ಹೊತ್ತು ಹಬೆಯಲ್ಲಿ ಬೇಯಿಸುವುದರ ಹಿಂದೆ ಈ ತಿಳಿವಳಿಕೆ ಇದೆ. ಬಸಳೆ ಹಸಿಯಾಗಿ ತಿನ್ನಬಹುದಾದ ಸೊಪ್ಪೇ ಆದರೂ ಅದರ ಲೋಳೆ ಈ ಪಲ್ಯಕ್ಕೆ ಹೊಂದುವುದಿಲ್ಲ.

ವೀಳ್ಯದೆಲೆ ಮಾತ್ರ ಒಂದು ಸೊಗಸಾದ ದಾರಿ ತೆರೆಯುತ್ತದೆ. ಥಾಯ್ಲೆಂಡಿನಲ್ಲಿ ಮಿಯಾಂಗ್ ಖಮ್ ಎಂಬ ತಿನಿಸಿದೆ. ವೀಳ್ಯ, ಕಾಳುಮೆಣಸುಗಳ ಕುಲಕ್ಕೇ ಸೇರಿದ ಒಂದು ಕಾಡುಬಳ್ಳಿಯ ಎಲೆಯನ್ನು ಪೊಟ್ಟಣದಂತೆ ಮಡಚಿ, ಅದರೊಳಗೆ ಹುರಿದ ತೆಂಗಿನತುರಿ, ನೆಲಗಡಲೆ, ಶುಂಠಿ, ಸಣ್ಣ ನೀರುಳ್ಳಿ, ಸಿಪ್ಪೆ ಸಹಿತ ಹೆಚ್ಚಿದ ನಿಂಬೆ, ಹಸಿಮೆಣಸು, ಒಣಸಿಗಡಿ ಇವುಗಳನ್ನು ಚಿಟಿಕೆ ಚಿಟಿಕೆಯಾಗಿ ಇಟ್ಟು, ಮೇಲೆ ತಾಳೆಬೆಲ್ಲದ ದಪ್ಪ ಪಾಕ ಬಿಟ್ಟು ಒಂದೇ ತುತ್ತಿಗೆ ತಿನ್ನುತ್ತಾರೆ. ಇದರಲ್ಲಿ ಪೆರ್ಲದ ಅಡುಗೆಮನೆಯಲ್ಲಿ ಇಲ್ಲದ ವಸ್ತು ಒಂದೂ ಇಲ್ಲ. ನಮ್ಮ ವೀಳ್ಯದೆಲೆ ಆ ಕಾಡು ಎಲೆಗಿಂತ ಖಾರ. ಆದುದರಿಂದ ಅಂಗೈಯ ಅರ್ಧದಷ್ಟಿರುವ ಎಳೆಯ ಎಲೆಗಳನ್ನೇ ಆರಿಸಿ, ತೊಟ್ಟು, ನಾರು ತೆಗೆದು ಬಳಸಿ. ಇದು ಊಟಕ್ಕೆ ಮುನ್ನ ಒಬ್ಬರಿಗೆ ನಾಲ್ಕೈದರಂತೆ ತಿನ್ನಲು ಚೆನ್ನಾಗಿರುತ್ತದೆಯೇ ಹೊರತು ಪೂರ್ಣ ರಾತ್ರಿಯೂಟವಾಗದು.

ಪ್ರಶ್ನೆ: ನಮ್ಮಲ್ಲಿ ಎಲೆಕೋಸು ಬೆಳೆಯುತ್ತಾರೆ. ಅದರಲ್ಲೇ ಮಾಡಬಹುದೇ? (ಓದುಗರೊಬ್ಬರು, ತಾಳವಾಡಿ)

ಉತ್ತರ: ಮಾಡಬಹುದು. ಬಿಡಿಸಿದ ಎಲೆಗಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ, ತಣ್ಣೀರಿಗೆ ಹಾಕಿ, ಒರೆಸಿ, ನಡುವಿನ ದಪ್ಪ ನರವನ್ನು ಚೂರಿಯಿಂದ ಸವರಿ ತೆಗೆದರೆ ಸುಲಭವಾಗಿ ಸುತ್ತಬಹುದು. ಲೆಟ್ಯೂಸಿನ ಗರಿಗರಿ ಇರುವುದಿಲ್ಲ. ಆದರೆ ಹರಿಯುವ ಭಯವೂ ಇಲ್ಲ.

ಪ್ರಶ್ನೆ: ನಮ್ಮ ಸುತ್ತಲಿನ ಪಾಲಿಹೌಸುಗಳಿಂದ ತಾಜಾ ಲೆಟ್ಯೂಸ್ ಸಿಗುತ್ತದೆ. ಮಗಳು ಬಾಣಂತನಕ್ಕೆಂದು ಬಂದಿದ್ದಾಳೆ, ಈಗ ಏಳನೆಯ ತಿಂಗಳು. ಉಪ್ಪುನೀರಿನಲ್ಲಿ ತೊಳೆದು ಕೊಟ್ಟರೆ ಸಾಕೇ? (ಓದುಗರೊಬ್ಬರು, ಹೊಸೂರು)

ಉತ್ತರ: ಮಗಳಿಗೆ ಈಗ ಹಸಿ ಎಲೆ ಕೊಡದಿರುವುದು ಕ್ಷೇಮ. ಎಲೆಯ ಮಡಿಕೆಗಳಲ್ಲಿ ಲಿಸ್ಟೀರಿಯಾದಂತಹ ಬ್ಯಾಕ್ಟೀರಿಯಾ ಇರಬಹುದು. ಅದು ಫ್ರಿಜ್‌ನ ತಂಪಿನಲ್ಲಿಯೂ ಬೆಳೆಯಬಲ್ಲದು ಮತ್ತು ಗರ್ಭಿಣಿಯರಿಗೆ, ಗರ್ಭದಲ್ಲಿರುವ ಶಿಶುವಿಗೆ ವಿಶೇಷವಾಗಿ ಅಪಾಯಕಾರಿ. ಮಣ್ಣಿನ ಮೂಲಕ ಬರುವ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಭಯವೂ ಇದೆ. ತೊಳೆಯುವುದರಿಂದ ಇವು ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಉಪ್ಪುನೀರನ್ನು ನಂಬುವಂತಿಲ್ಲ, ಅದು ಎಲೆಯನ್ನು ಬಾಡಿಸುವುದೇ ಹೆಚ್ಚು. ಮೇಲೆ ತಾಳವಾಡಿಯವರಿಗೆ ಹೇಳಿದ ಎಲೆಕೋಸಿನ ಎಲೆಗಳನ್ನು ಮಗಳಿಗಾಗಿ ಒಂದು ನಿಮಿಷದ ಬದಲು ನಾಲ್ಕೈದು ನಿಮಿಷ ಚೆನ್ನಾಗಿ ಬೇಯಿಸಿ, ಕುಡಿಯುವ ನೀರಿನಲ್ಲಿ ಆರಿಸಿ, ಬಿಸಿಬಿಸಿ ಪಲ್ಯ ಸುತ್ತಿಕೊಡಿ. ಕೋಳಿಮಾಂಸ ಪೂರ್ತಿ ಬೆಂದಿರಲಿ. ಮನೆಯ ಉಳಿದವರಿಗೆ ಹೊರಗಿನ ಎರಡು ಮೂರು ಎಲೆ ತೆಗೆದುಹಾಕಿ, ಒಂದೊಂದು ಎಲೆಯನ್ನೂ ಹರಿಯುವ ನೀರಿನಲ್ಲಿ ಬೆರಳಿನಿಂದ ಉಜ್ಜಿ ತೊಳೆದರೆ ಸಾಕು. ಪಾತ್ರೆ ತೊಳೆಯುವ ಸೋಪನ್ನು ಎಂದಿಗೂ ಬಳಸಬೇಡಿ.

ಪ್ರಶ್ನೆ: ಯಜಮಾನರಿಗೆ ಬಿಪಿ ಇದೆ, ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆಯನ್ನೂ ತಗೋತಾರೆ. ಸೋಯಾ ಸಾಸ್ ಬಿಟ್ಟು ಶೇಂಗಾ ಹಾಕಿ ಮಾಡಬಹುದೇ? (ಓದುಗರೊಬ್ಬರು, ಜತ್ತ)

ಉತ್ತರ: ನಿಮ್ಮ ಎಚ್ಚರಿಕೆ ಸರಿಯಾಗಿದೆ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ. ಅಂದರೆ ಎಲ್ಲ ಮೂಲಗಳಿಂದ ಸೇರಿ 5 ಗ್ರಾಂ ಉಪ್ಪಿಗೂ ಒಳಗೆ. ಬದಿಯಡ್ಕದವರಿಗೆ ಕೊಟ್ಟ ಅಳತೆಯಲ್ಲಿ ಒಬ್ಬರ ಪಾಲಿಗೆ ಸಾಸಿನಿಂದ 340 ಮಿಲಿಗ್ರಾಂನಷ್ಟು ಬರುತ್ತದೆ. ಅದನ್ನೂ ಅರ್ಧಕ್ಕಿಳಿಸಿ, ಬೇರೆ ಉಪ್ಪು ಹಾಕದೆ, ನಿಂಬೆರಸ ಹೆಚ್ಚಿಸಿ. ಹುಳಿ ಮುಂದಾದರೆ ಉಪ್ಪಿನ ಕೊರತೆ ನಾಲಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಶೇಂಗಾದ ಗೊಜ್ಜು ಒಳ್ಳೆಯ ಆಯ್ಕೆ: ಹುರಿದ ಶೇಂಗಾ ಪುಡಿ ಮೂರು ದೊಡ್ಡ ಚಮಚ, ಹುಣಸೆರಸ, ಚೂರು ಬೆಲ್ಲ, ಒಂದು ಬೆಳ್ಳುಳ್ಳಿ ಎಸಳು, ಒಣಮೆಣಸಿನ ಪುಡಿ ಇವನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿ. ಅಂಗಡಿಯ ಶೇಂಗಾ ಚಟ್ನಿಯಲ್ಲಿ ಉಪ್ಪು ಮೊದಲೇ ಇರುವುದರಿಂದ ಅದು ಬೇಡ.

ವಾರ್ಫರಿನ್ ವಿಷಯ ಇನ್ನೂ ಮುಖ್ಯ. ಹಸಿರೆಲೆಗಳಲ್ಲಿರುವ ವಿಟಮಿನ್ ಕೆ ಆ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ಕಡುಹಸಿರು ಲೆಟ್ಯೂಸಿನಲ್ಲಿ ಅದು ಹೆಚ್ಚು, ಬಿಳಿಚಾದ ಐಸ್‌ಬರ್ಗಿನಲ್ಲಿ ಕಡಿಮೆ. ಸೊಪ್ಪನ್ನು ಪೂರ್ತಿ ಬಿಡಬೇಕಾಗಿಲ್ಲ. ಒಂದು ವಾರ ರಾಶಿ ತಿಂದು ಮುಂದಿನ ವಾರ ಒಂದೂ ತಿನ್ನದಿರುವ ಏರುಪೇರು ಆಗಬಾರದು. ಹೊಸದಾಗಿ ಊಟದಲ್ಲಿ ಸೇರಿಸುವ ಮೊದಲು ಅವರ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ರಾತ್ರಿ ಉಳಿದದ್ದನ್ನು ಮರುದಿನ ಆಫೀಸಿಗೆ ಬುತ್ತಿ ಕಟ್ಟಬಹುದೇ? (ಓದುಗರೊಬ್ಬರು, ಮಡಕಶಿರಾ)

ಉತ್ತರ: ಸುತ್ತಿಟ್ಟದ್ದನ್ನು ಕಟ್ಟಬಾರದು. ಉಳಿದ ಪಲ್ಯವನ್ನು ಆರಿದ ಕೂಡಲೇ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಬೆಳಗ್ಗೆ ಹಬೆಯಾಡುವಂತೆ ಬಿಸಿಮಾಡಿ ಬಿಸಿ ಆರದ ಡಬ್ಬಿಯಲ್ಲಿ ತುಂಬಿ. ಒರೆಸಿದ ಎಲೆಗಳನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿಡಿ. ಬೇಸಿಗೆಯಲ್ಲಿ ಎಲೆ ಮಧ್ಯಾಹ್ನದವರೆಗೆ ತಾಳುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಅದೇ ಪಲ್ಯವನ್ನು ಚಪಾತಿಗೆ ಸುತ್ತಿಕೊಳ್ಳಿ.