ಬೇವು-ತುಳಸಿ ಹ್ಯಾಂಡ್‌ವಾಶ್ ನಿಜವಾಗ್ಲೂ ಬ್ಯಾಕ್ಟೀರಿಯಾ ಸಾಯ್ಸುತ್ತಾ, ಇಲ್ಲ ಬರೀ ಲೇಬಲ್ ಮೇಲಿನ ಕಥೆನಾ?

ನೀವು ಕೇಳಿರೋದು ನನ್ನ ಎಮ್ಮೆಸ್ಸಿ ಮೈಕ್ರೋಬಯಾಲಜಿ ಪ್ರಾಜೆಕ್ಟನ್ನೇ, ಬೇವು ತುಳಸಿ ಲವಂಗ ಮೂರೂ ಇತ್ತು ಅದ್ರಲ್ಲಿ. ಲ್ಯಾಬ್ ಪ್ಲೇಟ್ ಮೇಲೆ ಹೌದು, ಕೆಲವು ಬ್ಯಾಕ್ಟೀರಿಯಾ ಬೆಳೆಯೋದನ್ನ ತಡೆಯುತ್ತೆ. ನಿಮ್ಮ ಕೈ ಮೇಲಿನ ಬ್ಯಾಕ್ಟೀರಿಯಾ ತೊಳೆದು ಹಾಕ್ತಿರೋದು ಬೇವಲ್ಲ, ಸೋಪು.

ಎಲೆ ನೆರಳಲ್ಲಿ ಒಣಗ್ಸಿ ಪುಡಿ ಮಾಡಿ ಮೆಥನಾಲ್ ಅನ್ನೋ ಆಲ್ಕೋಹಾಲ್‌ನಲ್ಲಿ ನೆನೆಸಿ ಸೋಸ್ಕೊಂಡು, ಅಗಾರ್ (ಬ್ಯಾಕ್ಟೀರಿಯಾ ಬೆಳೆಸೋ ಜೆಲ್ಲಿ) ಪ್ಲೇಟ್ ಮೇಲೆ ಬ್ಯಾಕ್ಟೀರಿಯಾ ಸವರಿ 6 ಮಿ.ಮೀ. ಗುಂಡಿ ಕೊರೆದು ಅದಕ್ಕೆ ಆ ಸೋಸಿದ ಸಾರ, ಅಂದ್ರೆ ಎಕ್ಸ್‌ಟ್ರಾಕ್ಟ್ ಬಿಟ್ಟು 37 ಡಿಗ್ರಿಲಿ ರಾತ್ರಿಯಿಡೀ ಇಡ್ತೀವಿ, ಬೆಳಿಗ್ಗೆ ನೋಡಿದ್ರೆ ಗುಂಡಿ ಸುತ್ತ ಏನೂ ಬೆಳೀದೆ ಇರೋ ಕ್ಲಿಯರ್ ರಿಂಗ್ ಕಾಣುತ್ತೆ. ಚರ್ಮದ ಮೇಲೆ ಇರೋ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಮೇಲೆ ರಿಂಗ್ ಬಂತು, ಲವಂಗದ್ದಂತೂ ದೊಡ್ಡದಾಗೇ ಬಂತು, ಅದ್ರಲ್ಲಿರೋ ಯೂಜೆನಾಲ್ ಅನ್ನೋ ಎಣ್ಣೆ ಅಂಶದ ಪ್ರಭಾವ. ಕರುಳಲ್ಲಿರೋ ಈ. ಕೊಲೈ ಬ್ಯಾಕ್ಟೀರಿಯಾ ಮಾತ್ರ ಕ್ಯಾರೇ ಅನ್ನಲಿಲ್ಲ, ಆ ಗ್ರಾಮ್ ನೆಗೆಟಿವ್ ಜಾತಿಗೆ ಹೊರಗಡೆ ಇನ್ನೊಂದು ಪೊರೆ ಇರುತ್ತೆ, ಸುಲಭವಾಗಿ ಒಳಗೆ ಬಿಟ್ಕೊಳ್ಳಲ್ಲ. ಖುಷಿಯಲ್ಲಿ ಫೋಟೋ ತಗೊಂಡೋಗಿ ಗೈಡ್‌ಗೆ ತೋರ್ಸಿದ್ರೆ ಅವರು ಕೇಳಿದ್ದು "ಬರೀ ಮೆಥನಾಲ್ ಹಾಕಿರೋ ಗುಂಡಿ ಯಾವ್ದಪ್ಪಾ ಇದ್ರಲ್ಲಿ?" ಹಾಕಿರ್ಲೇ ಇಲ್ಲ. ಮತ್ತೆ ಮಾಡಿದ್ರೆ ಬರೀ ಮೆಥನಾಲ್‌ಗೂ ಸಣ್ಣ ರಿಂಗ್, ಅಂದ್ರೆ ರಿಂಗ್‌ನಲ್ಲಿ ಸ್ವಲ್ಪ ಪಾಲು ಮೆಥನಾಲ್‌ದೇ! ತುಳಸಿದು ಅದಕ್ಕಿಂತ ಒಂದೆರಡು ಮಿ.ಮೀ. ಜಾಸ್ತಿ, ಅಷ್ಟೆ.

ಇನ್ನೊಂದು ವಿಷ್ಯ, ಆಂಟಿಬಯೋಟಿಕ್ ಮೈಕ್ರೋಗ್ರಾಂ ಲೆಕ್ಕದಲ್ಲಿ ಮಾಡೋ ಕೆಲಸಕ್ಕೆ ಈ ಎಕ್ಸ್‌ಟ್ರಾಕ್ಟ್‌ಗಳು ಸಾಮಾನ್ಯವಾಗಿ ಮಿಲಿಗ್ರಾಂ ಲೆಕ್ಕದಲ್ಲಿ ಬೇಕು, ಅದೂ ರಾತ್ರಿಯಿಡೀ ಅಲ್ಲೇ ಕೂತಿರ್ಬೇಕು. ಹ್ಯಾಂಡ್‌ವಾಶ್ ನೀವು 20 ಸೆಕೆಂಡ್‌ಗೆ ತೊಳೆದು ಬಿಡ್ತೀರ. ಬಾಟಲ್ ಹಿಂದಿನ ಪದಾರ್ಥಗಳ ಪಟ್ಟಿ ಓದಿ, ಬೇವಿನ ಎಕ್ಸ್‌ಟ್ರಾಕ್ಟ್ ಸಾಮಾನ್ಯವಾಗಿ ಎಲ್ಲೋ ಕೊನೇಲಿ ಇರುತ್ತೆ, ಅದರ ಅಕ್ಕಪಕ್ಕನೇ ಸೋಡಿಯಂ ಬೆಂಜೋಯೇಟೋ ಫಿನಾಕ್ಸಿಎಥನಾಲೋ ಇರುತ್ತೆ, ಅಂದ್ರೆ ಪ್ರಿಸರ್ವೇಟಿವ್. ಬೇವಿರೋ ಬಾಟಲ್ ಕೆಡದೇ ಇರೋಕೇ ಬೇರೆ ಕೆಮಿಕಲ್ ಬೇಕು ನೋಡಿ! ನಾನು ನೀರಲ್ಲಿ ಕುದಿಸಿಟ್ಟ ಬೇವಿನ ಕಷಾಯಕ್ಕೆ ಒಂದು ವಾರದಲ್ಲಿ ಮೇಲೆ ಬಿಳಿ ಬೂಷ್ಟು ಬಂದಿತ್ತು.

ಇದಕ್ಕಿಂತ ಮಜಾ ಕಥೆ ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ, ಚಕ್ಕೋತದ ಥರದ ಹಣ್ಣು) ಬೀಜದ ಎಕ್ಸ್‌ಟ್ರಾಕ್ಟ್‌ದು. ನ್ಯಾಚುರಲ್ ಆಂಟಿಬಯೋಟಿಕ್ ಅಂತ ಮಾರ್ತಿದ್ರು. 1999ರಲ್ಲಿ ಜರ್ಮನಿಯವರು ಅಂಗಡೀಲಿ ಸಿಗೋ 6 ಎಕ್ಸ್‌ಟ್ರಾಕ್ಟ್ ಟೆಸ್ಟ್ ಮಾಡಿದ್ರೆ 5 ಕೆಲಸ ಮಾಡಿದ್ವು, ಆ ಐದ್ರಲ್ಲೂ ಬೆಂಜೆಥೋನಿಯಂ ಕ್ಲೋರೈಡ್ ಅನ್ನೋ ಸಿಂಥೆಟಿಕ್ ಬ್ಯಾಕ್ಟೀರಿಯಾ ನಾಶಕ ಇತ್ತು. ಅದು ಇಲ್ದೇ ಇದ್ದ ಒಂದು ಏನೂ ಮಾಡ್ಲಿಲ್ಲ.

ಹಂಗಂತ ಎಲ್ಲ ಸುಳ್ಳು ಅಂತಲ್ಲ. ತೊಳೀದೆ ಚರ್ಮದ ಮೇಲೇ ಬಿಡೋ ಪ್ರಾಡಕ್ಟ್ ಬೇರೆ ಲೆಕ್ಕ. ಟೀ ಟ್ರೀ ಅನ್ನೋ ಗಿಡದ ಎಣ್ಣೆಯ 5% ಜೆಲ್ ಮೊಡವೆಗೆ, ಮಾಮೂಲಿ ಮೊಡವೆ ಔಷಧಿ ಬೆಂಜಾಯ್ಲ್ ಪೆರಾಕ್ಸೈಡ್‌ಗಿಂತ ನಿಧಾನ ಆದ್ರೂ ಕೆಲಸ ಮಾಡ್ತು, ಉರಿ ತುರಿಕೆನೂ ಕಮ್ಮಿ, ಅಂತ 1990ರ ಆಸ್ಟ್ರೇಲಿಯಾ ಸ್ಟಡಿಲಿದೆ. ಮತ್ತೆ ಕೆಮಿಕಲ್ ಆಂಟಿಬ್ಯಾಕ್ಟೀರಿಯಲ್ ಸೋಪೂ ದೊಡ್ಡ ಸಾಧನೆ ಏನಲ್ಲ, ಸಾದಾ ಸೋಪಿಗಿಂತ ಮೇಲು ಅನ್ನೋಕೆ ಕಂಪನಿಗಳು ಪುರಾವೆ ಕೊಡ್ಲಿಲ್ಲ ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ಬ್ಯಾಕ್ಟೀರಿಯಾ ನಾಶಕ ಕೆಮಿಕಲ್‌ಗಳನ್ನ ಮನೆಬಳಕೆ ಸೋಪುಗಳಿಂದ ತೆಗೆಸ್ತು.

ಹಾಗಾಗಿ ಬೇವಿನ ವಾಸನೆ ಇಷ್ಟ ಇದ್ರೆ ತಗೊಳ್ಳಿ, ನಮ್ಮನೇಲೂ ಅದೇ ಇದೆ, ಆಫರ್‌ನಲ್ಲಿತ್ತು. ಸ್ಯಾನಿಟೈಸರ್ ವಿಷ್ಯದಲ್ಲಿ ಮಾತ್ರ ತುಳಸಿ ಫೋಟೋ ನೋಡ್ಬೇಡಿ, ಆಲ್ಕೋಹಾಲ್ 60%ಗಿಂತ ಕಮ್ಮಿ ಇದ್ರೆ ಅಂಗಡೀಲೇ ಬಿಟ್ಟು ಬನ್ನಿ.